ಮನವೊಲಿಸುವ ಮಾತು, ಪರೀಕ್ಷಿಸುವ ಮನಸ್ಸು

ಮಾತಿಗೆ ಮನಸ್ಸನ್ನು ಒಲಿಸುವ ಶಕ್ತಿ ಇದೆ. ತಾಯಿ ಮಗುವನ್ನು ಸಮಾಧಾನಪಡಿಸುವುದೂ ಮಾತಿನಿಂದಲೇ, ವ್ಯಾಪಾರಿ ಗಿರಾಕಿಯನ್ನು ಒಪ್ಪಿಸುವುದೂ ಮಾತಿನಿಂದಲೇ, ನಾಯಕನು ಜನಸಮೂಹವನ್ನು ಯುದ್ಧಕ್ಕೆ ಎಬ್ಬಿಸುವುದೂ ಮಾತಿನಿಂದಲೇ. ಆದುದರಿಂದಲೇ ಸತ್ಯವನ್ನು ನುಡಿಯಬೇಕೆಂಬ ಬೋಧೆಯ ಜೊತೆಗೆ, ಕೇಳಿದ ಮಾತನ್ನು ಪರೀಕ್ಷಿಸಿ ಸ್ವೀಕರಿಸಬೇಕೆಂಬ ಬೋಧೆಯೂ ಪುರಾತನ ಕಾಲದಿಂದ ನಡೆದುಬಂದಿದೆ. ಆದರೆ ಈ ಪರೀಕ್ಷೆಯ ವಿದ್ಯೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ತರಗತಿಯ ಪಾಠವಾಗಿ ಕಲಿಸಬೇಕೆಂದು 20ನೆಯ ಶತಮಾನದಲ್ಲಿ ವ್ಯವಸ್ಥಿತ ಪ್ರಯತ್ನಗಳು ನಡೆದವು. ಅವುಗಳಲ್ಲಿ ಬಹು ಪ್ರಸಿದ್ಧವಾದುದು 1937ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರಂಭವಾಯಿತು. ನಾಲ್ಕು ವರ್ಷ ಕಳೆದು ಸ್ವಲ್ಪ ಕಾಲವಾಗುವಷ್ಟರಲ್ಲಿ ಅದು ನಿಂತೂ ಹೋಯಿತು. ಅದು ಹುಟ್ಟಿದ ಬಗೆ, ಬೆಳೆದ ಬಗೆ, ಎಡವಿದ ಬಗೆ ಮೂರೂ ಇಂದಿನ ಶಿಕ್ಷಕರೂ ತಂದೆತಾಯಿಗಳೂ ಅರಿಯತಕ್ಕವು.

ಒಬ್ಬ ಸಾಕ್ಷಿಯ ಕಥೆ

1917ರ ಏಪ್ರಿಲ್ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿತು. ಅಲ್ಲಿನ ಜನರಲ್ಲಿ ಅನೇಕರಿಗೆ ಯುರೋಪಿನ ಆ ಯುದ್ಧ ಬೇಕಿರಲಿಲ್ಲ. ಜನಾಭಿಪ್ರಾಯವನ್ನು ಯುದ್ಧದ ಕಡೆಗೆ ತಿರುಗಿಸಲು ಸರ್ಕಾರವು ಜಾರ್ಜ್ ಕ್ರೀಲ್ ಎಂಬ ಪತ್ರಕರ್ತರ ನೇತೃತ್ವದಲ್ಲಿ ಒಂದು ಸಾರ್ವಜನಿಕ ಮಾಹಿತಿ ಸಮಿತಿಯನ್ನು ನೇಮಿಸಿತು. ಸುಮಾರು 75,000 ಮಂದಿ ಸ್ವಯಂಸೇವಕ ಭಾಷಣಕಾರರು ಚಲನಚಿತ್ರ ಮಂದಿರಗಳಲ್ಲಿ ರೀಲು ಬದಲಾಯಿಸುವ ನಾಲ್ಕು ನಿಮಿಷಗಳ ಅವಧಿಯಲ್ಲಿ ಎದ್ದುನಿಂತು ಯುದ್ಧದ ಪರವಾಗಿ ಮಾತನಾಡಿದರು. ಭಿತ್ತಿಪತ್ರ, ಕರಪತ್ರ, ಚಿತ್ರ, ಹಾಡು ಎಲ್ಲವೂ ಒಂದೇ ದಿಕ್ಕಿನಲ್ಲಿ ಹರಿದವು. 1918ರ ಸೆಪ್ಟೆಂಬರಿನಿಂದ ಶಾಲಾ ಶಿಕ್ಷಕರಿಗಾಗಿಯೇ ಒಂದು ಪತ್ರಿಕೆಯನ್ನು ಸಮಿತಿಯು ಹೊರಡಿಸಿತು. ಅನೇಕ ಕಡೆಗಳಲ್ಲಿ ಶಾಲೆಗಳಿಂದ ಜರ್ಮನ್ ಭಾಷೆಯ ಪಾಠವನ್ನೇ ತೆಗೆದುಹಾಕಲಾಯಿತು. ಹುಳಿ ಬರಿಸಿದ ಎಲೆಕೋಸಿಗೆ ಇದ್ದ ಜರ್ಮನ್ ಹೆಸರನ್ನು ಬಿಟ್ಟು 'ಸ್ವಾತಂತ್ರ್ಯದ ಎಲೆಕೋಸು' ಎಂದು ಕರೆಯುವಷ್ಟರ ಮಟ್ಟಿಗೆ ಉನ್ಮಾದ ಏರಿತು.

ಈ ವಾತಾವರಣದಲ್ಲಿ 1918ರ ಜೂನ್ 16ರಂದು ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಅವರು ಓಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಯುದ್ಧವನ್ನು ವಿರೋಧಿಸಿ ಭಾಷಣ ಮಾಡಿದರು. ಗೂಢಚರ್ಯೆಯನ್ನು ತಡೆಯಲೆಂದು ಮಾಡಿದ್ದ ಕಾನೂನಿನ ಅಡಿಯಲ್ಲಿ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ವಿಚಾರಣೆ ನಡೆದಾಗ, ಅಲ್ಲಿನ ದಿನಪತ್ರಿಕೆಯೊಂದರ ಯುವ ವರದಿಗಾರ ಕ್ಲೈಡ್ ಮಿಲ್ಲರ್ ಅವರು ಸರ್ಕಾರದ ಪರವಾಗಿ ಸಾಕ್ಷಿ ನುಡಿದರು. ಡೆಬ್ಸ್ ಅವರು ತಾವು ಆಡಿದ ಮಾತುಗಳನ್ನು ಅಲ್ಲಗಳೆಯಲಿಲ್ಲ. ಅವರಿಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ಸೆರೆಮನೆಯಲ್ಲಿದ್ದುಕೊಂಡೇ 1920ರಲ್ಲಿ ಅವರು ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಒಂಬತ್ತು ಲಕ್ಷಕ್ಕೂ ಮಿಕ್ಕಿ ಮತಗಳನ್ನು ಪಡೆದರು. 1921ರ ಡಿಸೆಂಬರ್ 25ರಂದು ಅಧ್ಯಕ್ಷ ಹಾರ್ಡಿಂಗ್ ಅವರ ಆಜ್ಞೆಯಿಂದ ಬಿಡುಗಡೆಯಾದರು.

ಮಿಲ್ಲರ್ ಅವರು ಸುಳ್ಳು ಸಾಕ್ಷಿ ಹೇಳಿದವರಲ್ಲ. ಹಣಕ್ಕಾಗಿ ಹೇಳಿದವರೂ ಅಲ್ಲ. ತಾವು ದೇಶಕ್ಕೆ ಸಲ್ಲಿಸಬೇಕಾದ ಕರ್ತವ್ಯ ಇದೇ ಎಂದು ಅವರು ಅಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ಮುಂದೆ ಯುದ್ಧದ ಕಾವು ಆರಿದ ಮೇಲೆ, ಆ ನಂಬಿಕೆಯು ತಮ್ಮೊಳಗಿನಿಂದ ಮೂಡಿದ್ದಲ್ಲ, ಸುತ್ತಲಿನ ಪ್ರಚಾರವೇ ಅದನ್ನು ತಮ್ಮೊಳಗೆ ಬಿತ್ತಿತ್ತು ಎಂಬುದು ಅವರಿಗೆ ಮನದಟ್ಟಾಯಿತು. ತಮ್ಮ ಪಾತ್ರದ ಬಗ್ಗೆ ಅವರು ಪಶ್ಚಾತ್ತಾಪಪಟ್ಟರು. ಮೋಸ ಹೋದವನ ನಷ್ಟ ಸಾಮಾನ್ಯವಾಗಿ ಅವನದೇ ಎಂದು ಲೋಕ ತಿಳಿಯುತ್ತದೆ. ಇಲ್ಲಿ ಒಬ್ಬನು ಮರುಳಾದುದರ ಫಲವನ್ನು ಮತ್ತೊಬ್ಬ ವೃದ್ಧರು ಸೆರೆಯಲ್ಲಿ ಅನುಭವಿಸಬೇಕಾಯಿತು.

ಏಳು ಉಪಾಯಗಳ ಪಾಠ

ಯುದ್ಧಾನಂತರದ ವರ್ಷಗಳಲ್ಲಿ ಪ್ರಚಾರದ ಅನೇಕ ಸುಳ್ಳುಗಳು ಬಯಲಾದವು. ಬ್ರಿಟಿಷ್ ಸಂಸತ್ ಸದಸ್ಯ ಆರ್ಥರ್ ಪಾನ್ಸನ್‌ಬಿ ಅವರು 1928ರಲ್ಲಿ ಒಂದು ಗ್ರಂಥವನ್ನೇ ಬರೆದು, ಯುದ್ಧಕಾಲದಲ್ಲಿ ಎಲ್ಲ ದೇಶಗಳಲ್ಲಿಯೂ ಹಬ್ಬಿಸಿದ್ದ ಕಟ್ಟುಕತೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಇತ್ತ ರೇಡಿಯೋ ಮನೆಮನೆಗೂ ಬಂದಿತು. ಜರ್ಮನಿಯಲ್ಲಿ 1933ರಲ್ಲಿ ಹಿಟ್ಲರನ ಸರ್ಕಾರವು ಪ್ರಚಾರಕ್ಕೆಂದೇ ಒಂದು ಮಂತ್ರಿಶಾಖೆಯನ್ನು ತೆರೆಯಿತು. ಅಮೆರಿಕದಲ್ಲಿಯೇ ಡೆಟ್ರಾಯಿಟ್ ನಗರದ ಬಳಿಯ ಪಾದ್ರಿ ಚಾರ್ಲ್ಸ್ ಕಾಫ್ಲಿನ್ ಎಂಬುವರ ರೇಡಿಯೋ ಭಾಷಣಗಳನ್ನು ಲಕ್ಷೋಪಲಕ್ಷ ಜನ ವಾರವಾರವೂ ಕೇಳುತ್ತಿದ್ದರು. 1938ರ ಹೊತ್ತಿಗೆ ಆ ಭಾಷಣಗಳಲ್ಲಿ ಯಹೂದ್ಯರ ಮೇಲಿನ ದ್ವೇಷ ಬಹಿರಂಗವಾಗಿಯೇ ಕಾಣಿಸಿಕೊಂಡಿತು.

ಈ ನಡುವೆ ಮಿಲ್ಲರ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಶಿಕ್ಷಕರ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. 1937ರಲ್ಲಿ ಅವರ ಮುಂದಾಳುತನದಲ್ಲಿ 'ಪ್ರಚಾರ ವಿಶ್ಲೇಷಣ ಸಂಸ್ಥೆ' ಸ್ಥಾಪಿತವಾಯಿತು. ಅದಕ್ಕೆ 10,000 ಡಾಲರುಗಳ ಮೂಲಧನ ದೊರೆತದ್ದು ಬಾಸ್ಟನ್ ನಗರದ ವರ್ತಕ ಎಡ್ವರ್ಡ್ ಫೈಲೀನ್ ಅವರ ಔದಾರ್ಯದಿಂದ. ಇವರು 1907ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಹಳ್ಳಿಗಳ ಸಹಕಾರಿ ಸಾಲ ಸಂಘಗಳನ್ನು ಕಂಡು ಮೆಚ್ಚಿ, ತಮ್ಮ ದೇಶದಲ್ಲಿ ಅಂತಹ ಸಂಘಗಳು ಬೆಳೆಯಲು ಶ್ರಮಿಸಿದವರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಅವರು ಸಂಸ್ಥೆಯ ಮೊದಲ ಅಧ್ಯಕ್ಷರಾದರು. ಚರಿತ್ರಕಾರ ಚಾರ್ಲ್ಸ್ ಬಿಯರ್ಡ್ ಅವರಂತಹ ವಿದ್ವಾಂಸರು ಸಲಹೆಗಾರರ ಮಂಡಲಿಯಲ್ಲಿದ್ದರು.

ಸಂಸ್ಥೆಯು ತಿಂಗಳಿಗೊಂದು ಸಂಚಿಕೆಯನ್ನು ಹೊರಡಿಸುತ್ತಿತ್ತು. 1937ರ ನವೆಂಬರ್ ಸಂಚಿಕೆಯಲ್ಲಿ ಮನವೊಲಿಸುವವರು ಬಳಸುವ ಏಳು ಉಪಾಯಗಳ ಪಟ್ಟಿ ಪ್ರಕಟವಾಯಿತು. ಪ್ರೌಢಶಾಲೆಯ ಬಾಲಕನಿಗೂ ನೆನಪಿನಲ್ಲಿ ಉಳಿಯುವಂತೆ ಅದನ್ನು ರಚಿಸಲಾಗಿತ್ತು.

ಮೊದಲನೆಯದು, ಕೆಟ್ಟ ಹೆಸರಿಟ್ಟು ಹಳಿಯುವುದು. ಎದುರಾಳಿಯ ಮಾತನ್ನು ವಿಚಾರಿಸದೆ ಅವನಿಗೊಂದು ನಿಂದೆಯ ಪದವನ್ನು ಅಂಟಿಸಿಬಿಟ್ಟರೆ ಕೇಳುವವರು ಅವನ ವಾದದ ಕಡೆಗೆ ಹೋಗುವುದೇ ಇಲ್ಲ. ಎರಡನೆಯದು ಇದಕ್ಕೆ ವಿರುದ್ಧವಾದುದು: ಧರ್ಮ, ಸ್ವಾತಂತ್ರ್ಯ, ಪ್ರಗತಿ ಮೊದಲಾದ ಹೊಳೆಯುವ ಪದಗಳನ್ನು ಅರ್ಥ ಬಿಡಿಸದೆ ಹೊದಿಸುವುದು. ಮೂರನೆಯದು, ಪೂಜ್ಯವಾದ ವಸ್ತುವಿನ ಗೌರವವನ್ನು ಎರವಲು ಪಡೆಯುವುದು. ಧ್ವಜದ ಕೆಳಗೆ ನಿಂತು ಆಡಿದ ಮಾತು ಧ್ವಜದಷ್ಟೇ ಪವಿತ್ರವೆಂದು ತೋರಿಬಿಡುತ್ತದೆ. ನಾಲ್ಕನೆಯದು ಪ್ರಸಿದ್ಧರ ಸಾಕ್ಷ್ಯ. ಐದನೆಯದು, ತಾನೂ ನಿಮ್ಮಂತೆಯೇ ಸಾಮಾನ್ಯನೆಂಬ ಸೋಗು. ಆರನೆಯದು, ಇಸ್ಪೀಟಿನ ಎಲೆಗಳನ್ನು ಆಟಕ್ಕೆ ಮೊದಲೇ ತನಗೆ ಅನುಕೂಲವಾಗಿ ಜೋಡಿಸಿಟ್ಟಂತೆ, ತನಗೆ ಬೇಕಾದ ಸಂಗತಿಗಳನ್ನು ಮಾತ್ರ ಮುಂದಿಟ್ಟು ಉಳಿದವನ್ನು ಮರೆಮಾಡುವುದು. ಏಳನೆಯದು, ಎಲ್ಲರೂ ಹತ್ತಿದ ಬಂಡಿಯನ್ನು ನೀವೂ ಹತ್ತಿರಿ ಎಂದು ಕರೆಯುವುದು.

1939ರಲ್ಲಿ ಆಲ್ಫ್ರೆಡ್ ಲೀ ಮತ್ತು ಎಲಿಜಬೆತ್ ಲೀ ದಂಪತಿಗಳು ಸಂಸ್ಥೆಗಾಗಿ ಒಂದು ಪುಸ್ತಕವನ್ನು ಸಿದ್ಧಪಡಿಸಿ, ಕಾಫ್ಲಿನ್ ಅವರ ಭಾಷಣಗಳನ್ನು ಈ ಏಳು ಉಪಾಯಗಳಿಂದ ಪರೀಕ್ಷಿಸಿದರು. ಭಾಷಣದ ಸಾಲುಗಳ ನಡುವೆ ಚಿಕ್ಕ ಚಿಕ್ಕ ಚಿಹ್ನೆಗಳನ್ನು ಮುದ್ರಿಸಿದುದು ಅದರ ವೈಶಿಷ್ಟ್ಯ. ಹಳಿಯುವ ಮಾತು ಬಂದಲ್ಲಿ ಕೆಳಮುಖವಾದ ಹೆಬ್ಬೆರಳು, ಹೊಳೆಯುವ ಪದವಿದ್ದಲ್ಲಿ ಒಂದು ರತ್ನ, ಎರವಲು ಗೌರವಕ್ಕೆ ಮುಖವಾಡ, ಸಾಕ್ಷ್ಯಕ್ಕೆ ಮುದ್ರೆ, ಸಾಮಾನ್ಯನ ಸೋಗಿಗೆ ಹಳೆಯ ಬೂಟು, ಜೋಡಿಸಿದ ಸಂಗತಿಗಳಿಗೆ ಇಸ್ಪೀಟಿನ ಎಕ್ಕ, ಬಂಡಿಯ ಕರೆಗೆ ವಾದ್ಯಮೇಳದ ನಾಯಕನ ಟೋಪಿ ಮತ್ತು ಕೋಲು. ಕೇಳುವಾಗ ರೋಮಾಂಚನಗೊಳಿಸುತ್ತಿದ್ದ ಭಾಷಣವು ಪುಟದ ಮೇಲೆ ಚಿಹ್ನೆಗಳ ಸಾಲಾಗಿ ಕಂಡಿತು.

ನೂರಾರು ಪ್ರೌಢಶಾಲೆಗಳೂ ಕಾಲೇಜುಗಳೂ ಸಂಸ್ಥೆಯ ಪಾಠಗಳನ್ನು ಬಳಸಿದವು. ಶಿಕ್ಷಕರಿಗೆ ಬೇರೆಯಾಗಿ ಕೈಪಿಡಿ ಇತ್ತು. ವಿದ್ಯಾರ್ಥಿಗಳ ಅಭ್ಯಾಸಕ್ಕೆ ವಸ್ತುವಾದದ್ದು ಸುತ್ತಲಿನ ಲೋಕವೇ: ವೃತ್ತಪತ್ರಿಕೆ, ರೇಡಿಯೋ ಭಾಷಣ, ಜಾಹೀರಾತು, ಚುನಾವಣೆಯ ಕರಪತ್ರ.

ಸಂಸ್ಥೆಯ ಪಾಠಗಳಲ್ಲಿ ಏಳು ಉಪಾಯಗಳಷ್ಟು ಪ್ರಸಿದ್ಧವಾಗದೆ ಹೋದ ಇನ್ನೊಂದು ಭಾಗವಿತ್ತು. ಮಿಲ್ಲರ್ ಅವರು ವಿಶ್ಲೇಷಣೆಯ ಹೆಜ್ಜೆಗಳನ್ನು ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರಗಳಿಗೆ ಹೊಂದಿಸಿ ಕ್ರಮಪಡಿಸಿದ್ದರು. ಯಾವ ವಿವಾದದ ಮೇಲೆ ಈ ಮಾತು ನಿಂತಿದೆ ಎಂದು ಗುರುತಿಸುವುದು ಮೊದಲ ಹೆಜ್ಜೆ. ಎರಡನೆಯ ಹೆಜ್ಜೆ, ಅದನ್ನು ಕೇಳಿದಾಗ ತನ್ನ ಮನಸ್ಸಿನಲ್ಲಿ ಏನಾಯಿತು ಎಂದು ನೋಡಿಕೊಳ್ಳುವುದು. ಮುಂದೆ ಬರುವ ಹೆಜ್ಜೆಗಳಲ್ಲಿ ಒಂದು, ತನ್ನದೆಂದು ತಿಳಿದ ಅಭಿಪ್ರಾಯವು ನಿಜವಾಗಿ ತನ್ನದೇ ಎಂದು ಸಂದೇಹಿಸುವುದು. ಮತ್ತೊಂದು, ತೀರ್ಮಾನಕ್ಕೆ ಮೊದಲು ಸಂಗತಿಗಳನ್ನು ಹುಡುಕುವುದು. ಕ್ಲೀವ್‌ಲ್ಯಾಂಡಿನ ಸಾಕ್ಷಿಕಟ್ಟೆಯಲ್ಲಿ ಒಮ್ಮೆ ನಿಂತಿದ್ದವರ ಕೈಯಿಂದ ಬಂದ ಪಾಠವಿದು ಎಂದು ನೆನೆದಾಗ ಆ ಎರಡನೆಯ ಹೆಜ್ಜೆಯ ಬೆಲೆ ತಿಳಿಯುತ್ತದೆ.

ಸಂದೇಹವೇ ಕೊನೆಯಲ್ಲ

ಆದರೆ ತರಗತಿಗಳಲ್ಲಿ ಆತ್ಮಪರೀಕ್ಷೆಗಿಂತ ಚಿಹ್ನೆಗಳ ಆಟವೇ ಹೆಚ್ಚು ಆಕರ್ಷಕವಾಯಿತು. ಪರರ ಮಾತಿನಲ್ಲಿ ಉಪಾಯವನ್ನು ಹಿಡಿಯುವುದು ಸುಲಭ. ಅದರಲ್ಲಿ ಜಾಣತನದ ಸಂತೋಷವೂ ಇದೆ. ಕೆಲವೇ ವರ್ಷಗಳಲ್ಲಿ ಟೀಕಾಕಾರರು ಎರಡು ಆಕ್ಷೇಪಗಳನ್ನು ಎತ್ತಿದರು. ಈ ಪಾಠವು ಹುಡುಗರನ್ನು ಯಾವುದನ್ನೂ ನಂಬದವರನ್ನಾಗಿ ಮಾಡುತ್ತದೆ ಎಂಬುದು ಒಂದು. ಉಪಾಯವನ್ನು ಗುರುತಿಸಿದ ಮಾತ್ರಕ್ಕೆ ಮಾತು ಸುಳ್ಳೆಂದು ಸಿದ್ಧವಾಗುವುದಿಲ್ಲ ಎಂಬುದು ಇನ್ನೊಂದು.

ಎರಡನೆಯ ಆಕ್ಷೇಪ ನ್ಯಾಯವಾದುದು. ಊರಿನಲ್ಲಿ ವಾಂತಿಭೇದಿ ಹರಡಿದಾಗ ವೈದ್ಯರೊಬ್ಬರು, "ದೊಡ್ಡಾಸ್ಪತ್ರೆಯ ವೈದ್ಯರೂ ಹೇಳಿದ್ದಾರೆ, ಊರಿನವರೆಲ್ಲ ಮಾಡುತ್ತಿದ್ದಾರೆ, ನೀವೂ ನೀರನ್ನು ಕಾಯಿಸಿಯೇ ಕುಡಿಯಿರಿ" ಎಂದರೆ, ಆ ಒಂದು ವಾಕ್ಯದಲ್ಲಿ ಪ್ರಸಿದ್ಧರ ಸಾಕ್ಷ್ಯವೂ ಇದೆ, ಬಂಡಿಯ ಕರೆಯೂ ಇದೆ. ಆದರೂ ಮಾತು ಹಿತವಾದುದು, ಸತ್ಯವಾದುದು. ಅದನ್ನು ಉಪಾಯವೆಂದು ಪಕ್ಕಕ್ಕಿಟ್ಟವನು ಜಾಣನಲ್ಲ.

ಮೊದಲನೆಯ ಆಕ್ಷೇಪದ ಹಿಂದೆ ಇನ್ನೂ ಭಾರವಾದ ಚರಿತ್ರೆ ಇದೆ. 1917ರಲ್ಲಿ ಬ್ರಿಟಿಷ್ ಪತ್ರಿಕೆಗಳು, ಜರ್ಮನರು ಸತ್ತ ಸೈನಿಕರ ಶವಗಳಿಂದ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದಾರೆಂಬ ವರದಿಯನ್ನು ಹಬ್ಬಿಸಿದ್ದವು. 1925ರ ಡಿಸೆಂಬರಿನಲ್ಲಿ ಬ್ರಿಟಿಷ್ ವಿದೇಶಾಂಗ ಮಂತ್ರಿ ಆಸ್ಟಿನ್ ಚೇಂಬರ್‌ಲಿನ್ ಅವರು, ಆ ಕತೆಗೆ ಆಧಾರವಿಲ್ಲವೆಂಬ ಜರ್ಮನಿಯ ನಿರಾಕರಣೆಯನ್ನು ಸಂಸತ್ತಿನಲ್ಲಿ ಒಪ್ಪಿಕೊಂಡರು. ಸುಳ್ಳು ಸತ್ತಿತು. ಆದರೆ ಅದರ ನೆರಳು ಉಳಿಯಿತು. 1942ರ ವೇಳೆಗೆ ನಾಜಿಗಳು ಯಹೂದ್ಯರನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದಾರೆಂಬ ನಿಜವಾದ ವರದಿಗಳು ಬಂದಾಗ, ಇದೂ ಹಿಂದಿನ ಯುದ್ಧದಂತಹುದೇ ಒಂದು ಕಟ್ಟುಕತೆ ಎಂದು ಅನೇಕರು ನಂಬಲು ಹಿಂಜರಿದರು. ಒಮ್ಮೆ ಸುಳ್ಳನ್ನು ನಂಬಿ ಮೋಸಹೋದ ಜನ, ಮತ್ತೊಮ್ಮೆ ಸತ್ಯವನ್ನು ನಂಬದೆ ತಪ್ಪಿದರು. ಪರೀಕ್ಷೆಯಿಲ್ಲದ ನಂಬಿಕೆಯೂ ಪರೀಕ್ಷೆಯಿಲ್ಲದ ಅವಿಶ್ವಾಸವೂ ಕೊನೆಗೆ ಒಂದೇ ಬಗೆಯ ಸೋಮಾರಿತನ.

ಯುದ್ಧ ಸಮೀಪಿಸಿದಂತೆ ಸಂಸ್ಥೆಗೆ ಕಷ್ಟಗಳು ಹೆಚ್ಚಿದವು. ಧನಸಹಾಯ ಕುಂದಿತು. ಮಂಡಲಿಯೊಳಗೇ ಭಿನ್ನಾಭಿಪ್ರಾಯಗಳು ತಲೆದೋರಿದವು. ಸ್ವದೇಶದ ಪ್ರಚಾರವನ್ನೂ ಶತ್ರುದೇಶದ ಪ್ರಚಾರವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯುದ್ಧಕಾಲದಲ್ಲಿ ದೇಶದ್ರೋಹದಂತೆ ಕಾಣುತ್ತದೆ. 1941ರ ಡಿಸೆಂಬರಿನಲ್ಲಿ ಅಮೆರಿಕವು ಎರಡನೆಯ ಮಹಾಯುದ್ಧವನ್ನು ಪ್ರವೇಶಿಸಿತು. 1942ರ ಜನವರಿಯಲ್ಲಿ ಸಂಸ್ಥೆಯು ತನ್ನ ಕೊನೆಯ ಸಂಚಿಕೆಯನ್ನು ಹೊರಡಿಸಿ ಕೆಲಸ ನಿಲ್ಲಿಸಿತು. ಪರೀಕ್ಷೆಯ ಅಗತ್ಯ ಅತ್ಯಧಿಕವಾಗಿದ್ದ ಗಳಿಗೆಯಲ್ಲಿಯೇ ಪರೀಕ್ಷಕರು ಮೌನ ತಾಳಬೇಕಾಯಿತು.

ತೂಗುವ ವಿದ್ಯೆ

ಆ ಪ್ರಯತ್ನದ ಕೊರತೆಯನ್ನು ತುಂಬುವ ಕೆಲಸವನ್ನು ಇತರರು ಮುಂದುವರಿಸಿದರು. ಅದೇ ಶಿಕ್ಷಕರ ಕಾಲೇಜಿನಿಂದ 1941ರಲ್ಲಿ ಎಡ್ವರ್ಡ್ ಗ್ಲೇಸರ್ ಅವರು ಪ್ರೌಢಶಾಲಾ ತರಗತಿಗಳಲ್ಲಿ ವಿಮರ್ಶಾತ್ಮಕ ಚಿಂತನೆಯನ್ನು ಬೆಳೆಸಲು ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅವರ ಪ್ರಕಾರ ಇದರಲ್ಲಿ ಮೂರು ಅಂಶಗಳಿವೆ: ವಿಷಯವನ್ನು ಸಮಾಧಾನದಿಂದ ವಿಚಾರಿಸುವ ಮನೋಧರ್ಮ, ತರ್ಕದ ವಿಧಾನಗಳ ತಿಳಿವಳಿಕೆ, ಅವನ್ನು ಬಳಸುವ ನೈಪುಣ್ಯ. ಮನೋಧರ್ಮವನ್ನು ಮೊದಲಿಗೆ ಇಟ್ಟಿರುವುದು ಗಮನಾರ್ಹ.

1958ರಲ್ಲಿ ಬ್ರಿಟಿಷ್ ತತ್ತ್ವಜ್ಞ ಸ್ಟೀಫನ್ ಟೂಲ್ಮಿನ್ ಅವರು ವಾದದ ಅಂಗಗಳನ್ನು ಬಿಡಿಸಿ ತೋರಿಸಿದರು. 1960ರಲ್ಲಿ ಇಬ್ಬರು ಅಮೆರಿಕನ್ ಅಧ್ಯಾಪಕರು ಅದನ್ನು ಭಾಷಣ ಮತ್ತು ಚರ್ಚೆಯ ಶಿಕ್ಷಣಕ್ಕೆ ಅಳವಡಿಸಿದರು. ಕ್ರಮೇಣ ಅದು ಪ್ರೌಢಶಾಲೆಗಳಿಗೂ ಇಳಿದುಬಂದಿತು. "ಈ ಕೆರೆಯ ನೀರು ಕುಡಿಯಲು ಯೋಗ್ಯವಲ್ಲ" ಎಂಬುದು ಒಂದು ಪ್ರತಿಪಾದನೆ. ನೀರಿನ ಪರೀಕ್ಷೆಯಲ್ಲಿ ರೋಗಾಣುಗಳು ಕಂಡವು ಎಂಬುದು ಅದಕ್ಕೆ ಆಧಾರ. ಅಂತಹ ರೋಗಾಣುಗಳಿರುವ ನೀರು ಕಾಯಿಲೆ ತರುತ್ತದೆ ಎಂಬುದು ಆಧಾರದಿಂದ ಪ್ರತಿಪಾದನೆಗೆ ದಾಟಿಸುವ ಸೇತುವೆ. "ಸಾಮಾನ್ಯವಾಗಿ" ಎಂಬ ಪದ ಮಾತಿನ ಬಲವನ್ನು ಅಳೆದು ಹೇಳುತ್ತದೆ. "ಕಾಯಿಸದೆ ಕುಡಿದರೆ" ಎಂಬುದು ಅದರ ಮಿತಿ. ಈ ಕ್ರಮದಲ್ಲಿ ವಿದ್ಯಾರ್ಥಿಯು ಉಪಾಯವನ್ನು ಹಿಡಿದು ಅಲ್ಲಿಗೇ ನಿಲ್ಲುವುದಿಲ್ಲ. ಆಧಾರವಿದೆಯೇ, ಸೇತುವೆ ಗಟ್ಟಿಯಾಗಿದೆಯೇ, ಮಿತಿಯನ್ನು ಹೇಳಲಾಗಿದೆಯೇ ಎಂದು ತೂಗಿ, ಮಾತು ನಿಜವಾದಲ್ಲಿ ಅದನ್ನು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಳ್ಳುವ ಧೈರ್ಯವೂ ಪಾಠದ ಭಾಗವೇ.

ಜೈನ ಪ್ರಮಾಣಶಾಸ್ತ್ರದ ಪರಿಚಯವಿದ್ದವರಿಗೆ ಇಲ್ಲಿ ಪರಿಚಿತವಾದ ಎಚ್ಚರವೊಂದು ಕಾಣುತ್ತದೆ. ವಸ್ತುವಿನ ಒಂದು ಮುಖವನ್ನು ಹೇಳುವುದು ನಯ. ಆ ಒಂದೇ ಮುಖವನ್ನು ಇಡೀ ವಸ್ತುವೆಂದು ಸಾಧಿಸಿ ಉಳಿದವನ್ನು ತಳ್ಳಿಹಾಕುವುದು ದುರ್ನಯ. ಪರಸ್ಪರ ಅಪೇಕ್ಷೆಯಿಲ್ಲದ ನಯಗಳು ಮಿಥ್ಯೆ ಎಂದು ಸಮಂತಭದ್ರಾಚಾರ್ಯರು 'ಆಪ್ತಮೀಮಾಂಸೆ'ಯಲ್ಲಿ ನಿರ್ಣಯಿಸಿದ್ದಾರೆ. ಸಂಗತಿಗಳನ್ನು ಇಸ್ಪೀಟಿನ ಎಲೆಗಳಂತೆ ಜೋಡಿಸುವವನು ಹೇಳಿದ ಪ್ರತಿಯೊಂದು ಸಂಗತಿಯೂ ನಿಜವಿರಬಹುದು. ಮರೆಮಾಡಿದ ಸಂಗತಿಗಳಿಂದಾಗಿ ಒಟ್ಟು ಮಾತು ಸುಳ್ಳಾಗುತ್ತದೆ. ಟೂಲ್ಮಿನ್ ಅವರ ಮಿತಿಸೂಚಕ ಪದವೂ ಸ್ಯಾದ್ವಾದದ 'ಸ್ಯಾತ್' ಪದವೂ ಒಂದೇ ಅಲ್ಲ. ಮೊದಲನೆಯದು ಮಾತಿನ ಬಲವನ್ನು ಹೇಳಿದರೆ, ಎರಡನೆಯದು ಮಾತು ಯಾವ ಅಪೇಕ್ಷೆಯಿಂದ ಸತ್ಯ ಎಂಬುದನ್ನು ಸೂಚಿಸುತ್ತದೆ. ಆದರೂ ಆಡುವವನೇ ತನ್ನ ಮಾತಿನ ಎಲ್ಲೆಯನ್ನು ಗುರುತಿಸಬೇಕೆಂಬ ಪ್ರಾಮಾಣಿಕತೆ ಎರಡರಲ್ಲಿಯೂ ಇದೆ. ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ 'ತತ್ತ್ವಾರ್ಥಸೂತ್ರ'ವು ಮಿಥ್ಯೋಪದೇಶವನ್ನೇ ಮೊದಲಿಗೆ ಹೇಳಿದೆ. ಪರೀಕ್ಷಿಸದೆ ಕೇಳಿದುದನ್ನು ಪರೀಕ್ಷಿಸದೆ ಹೇಳಿಬಿಡುವವನು ಆ ದೋಷಕ್ಕೆ ಎಷ್ಟು ದೂರ?

ಇಂದಿನ ತರಗತಿಗೆ

ರೇಡಿಯೋದ ಕಾಲ ಕಳೆದು ಕೈಗೊಂದು ಫೋನು ಬಂದ ಮೇಲೂ ಸಮಸ್ಯೆಯ ಬೇರು ಬದಲಾಗಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ವಿಕಾರವಾಗಿ ಅರಳಿದ ಹೂಗಳ ಚಿತ್ರವೊಂದನ್ನು ತೋರಿಸಲಾಯಿತು. ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತದಿಂದ ಹೂಗಳು ಹೀಗಾದವು ಎಂಬ ಅರ್ಥದ ಮಾತು ಅದರೊಂದಿಗೆ ಇತ್ತು. ಚಿತ್ರವನ್ನು ತೆಗೆದವರು ಯಾರು, ಅದು ನಿಜವಾಗಿ ಆ ಸ್ಥಳದ್ದೇ ಎಂದು ಪ್ರಶ್ನಿಸಿದವರು ಶೇಕಡಾ 20ಕ್ಕಿಂತ ಕಡಿಮೆ. ಸುಮಾರು ಶೇಕಡಾ 40ರಷ್ಟು ಮಂದಿ, ಚಿತ್ರವೇ ಇರುವುದರಿಂದ ಅದು ಬಲವಾದ ಸಾಕ್ಷ್ಯವೆಂದು ವಾದಿಸಿದರು. ಕಣ್ಣಿಗೆ ಕಂಡದ್ದು ಏನನ್ನು ಸಿದ್ಧಪಡಿಸುತ್ತದೆ, ಏನನ್ನು ಸಿದ್ಧಪಡಿಸುವುದಿಲ್ಲ ಎಂಬ ವಿವೇಚನೆ ತಾನಾಗಿ ಬರುವುದಿಲ್ಲ. ಅದನ್ನು ಕಲಿಸಬೇಕಾಗುತ್ತದೆ.

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ವಾರಕ್ಕೊಂದು ಗಂಟೆ, ಒಂದು ಕರಪತ್ರ ಅಥವಾ ಜಾಹೀರಾತು, ಕರಿಹಲಗೆ ಸಾಕು. ಇಲ್ಲಿ ಹೇಳುತ್ತಿರುವುದು ಏನು, ಅದಕ್ಕೆ ಕೊಟ್ಟ ಆಧಾರವೇನು, ಹೇಳದೆ ಬಿಟ್ಟದ್ದೇನು ಎಂದು ಮಕ್ಕಳು ಬರೆಯಲಿ. ಅದಕ್ಕೂ ಮೊದಲು, ಇದನ್ನು ಓದಿದಾಗ ತಮಗೆ ಕೋಪ ಬಂದಿತೇ, ಭಯವಾಯಿತೇ, ಹೆಮ್ಮೆಯಾಯಿತೇ ಎಂದು ಬರೆದುಕೊಳ್ಳಲಿ. ಬಳಿಕ ಅದೇ ವಿಷಯದಲ್ಲಿ ಎದುರು ಪಕ್ಷದವರು ಏನು ಹೇಳಬಹುದೆಂಬುದನ್ನು, ಆ ಪಕ್ಷದವರೇ ಕೇಳಿ ಒಪ್ಪುವಷ್ಟು ನ್ಯಾಯವಾಗಿ ಬರೆಯಲಿ. ಪರೀಕ್ಷೆಗೆ ಆರಿಸುವ ಮೊದಲ ಕರಪತ್ರವು ಎದುರಾಳಿಗಳದಾಗದಿರಲಿ. ತಮಗೆ ಪ್ರಿಯವಾದ, ತಮ್ಮ ಮನೆಯವರು ಒಪ್ಪಿದ, ತಮ್ಮ ಸಮಾಜದವರೇ ಅಚ್ಚು ಹಾಕಿಸಿದ ಕರಪತ್ರವಾಗಿರಲಿ. ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸುವ ಟ್ರಸ್ಟುಗಳಿಗೆ ಇದು ಸ್ವಲ್ಪ ಮುಜುಗರ ತರಬಹುದು. ಆದರೂ ಆರಂಭ ಅಲ್ಲಿಂದಲೇ ಆಗಬೇಕು.

ಏಕೆಂದರೆ 1918ರಲ್ಲಿ ಕ್ಲೈಡ್ ಮಿಲ್ಲರ್ ಅವರನ್ನು ಮರುಳು ಮಾಡಿದ್ದು ಶತ್ರುವಿನ ಮಾತಲ್ಲ. ಸ್ವದೇಶದ ಮಾತು, ಸ್ನೇಹಿತರ ಮಾತು, ಪತ್ರಿಕಾ ಕಾರ್ಯಾಲಯದ ಸಹೋದ್ಯೋಗಿಗಳೆಲ್ಲ ಆಡುತ್ತಿದ್ದ ಮಾತು. ಅದನ್ನು ಪರೀಕ್ಷಿಸಬೇಕೆಂದು ಅವರಿಗೆ ಶಾಲೆಯಲ್ಲಿ ಯಾರೂ ಕಲಿಸಿರಲಿಲ್ಲ. ಅವರು ಅದನ್ನು ತಡವಾಗಿ ಕಲಿತರು. ಕಲಿತ ಮೇಲೆ ಮಕ್ಕಳಿಗೆ ಬೇಗ ಕಲಿಸಲು ಯತ್ನಿಸಿದರು.